ದುರ್ಯೋಧನನ ದರ

ಕಥೆಯೊಂದರಲ್ಲಿ ಯಾವ ಪಾತ್ರಕ್ಕೆ ಎಷ್ಟು ತೂಕವಿದೆ ಎಂಬುದನ್ನು ತಿಳಿಯಲು ನಮ್ಮ ತುಮಕೂರು ಸೀಮೆಯಲ್ಲಿ ವಿಮರ್ಶೆಯ ಪುಸ್ತಕಗಳನ್ನು ತಿರುವಿಹಾಕಬೇಕಾಗಿಲ್ಲ. ಊರಹಬ್ಬಕ್ಕೆ ಕುರುಕ್ಷೇತ್ರ ಆಡುವುದೆಂದು ತೀರ್ಮಾನವಾದ ಮೇಲೆ, ಹಾರ್ಮೋನಿಯಂ ಮುಂದಿಟ್ಟುಕೊಂಡು ಕುಳಿತ ಡ್ರಾಮಾ ಮೇಷ್ಟ್ರ ಎದುರಿಗೆ ಯಾರು ಯಾವ ಪಾತ್ರಕ್ಕೆ ಎಷ್ಟು ದುಡ್ಡು ಕಟ್ಟುತ್ತಾರೆಂದು ನೋಡಿದರೆ ಸಾಕು. ಇಲ್ಲಿ ಬಣ್ಣ ಹಚ್ಚುವವನೇ ಹಣ ತೆರಬೇಕು. ದುರ್ಯೋಧನನಿಗೆ ಪೈಪೋಟಿ ಎಷ್ಟೆಂದರೆ, ಒಂದೇ ರಾತ್ರಿಯಲ್ಲಿ ಒಂದನೆಯ ದುರ್ಯೋಧನ, ಎರಡನೆಯ ದುರ್ಯೋಧನ ಎಂದು ಕಿರೀಟ ತಲೆಯಿಂದ ತಲೆಗೆ ದಾಟುತ್ತದೆ. ನಮ್ಮೂರಿನಲ್ಲಂತೂ ಧರ್ಮರಾಯ ಚೌಕಾಸಿಗೆ ಬಗ್ಗುತ್ತಾನೆ.

1884ರಲ್ಲಿ ನಾಟಕ ಕಂಪನಿ ಹುಟ್ಟಿದ ಗುಬ್ಬಿ ತಾಲ್ಲೂಕಿನವರಾದ ನಮಗೆ ಇದು ಹೊಸತೇನಲ್ಲ. ಆ ಕಂಪನಿಯ ‘ಸದಾರಮೆ’ ನಾಟಕದ ರಾಜಕುಮಾರನನ್ನು ಮರೆತ ಅಜ್ಜಂದಿರೂ ಅದರಲ್ಲಿ ಗುಬ್ಬಿ ವೀರಣ್ಣನವರು ಆಡಿದ ಕಳ್ಳನನ್ನು ಮರೆತಿರಲಿಲ್ಲ.

ಹೀಗಿದ್ದೂ, ಊರಿನ ಹುಡುಗರಿಗಾಗಿ ನಾನು ಸಾಮಾಜಿಕ ನಾಟಕ ಬರೆಯಲು ಕುಳಿತಾಗ ಹಬ್ಬದ ಹಿರಿಯರು ಕಟ್ಟಪ್ಪಣೆ ಮಾಡಿದರು: ನಾಯಕನಿಗೆ ಸಿಟ್ಟು, ಸಾಲ, ಬೀಡಿ ಯಾವುದೂ ಇರಕೂಡದು. ಬದುವಿನ ಮೇಲಿನ ಒಂದು ತೆಂಗಿನಮರಕ್ಕಾಗಿ ಇಬ್ಬರು ದಾಯಾದಿಗಳು ಕಿತ್ತಾಡುವುದು ಕಥೆ. ಬುಡ ಒಬ್ಬನ ಹೊಲದಲ್ಲಿ, ಕಾಯಿ ಬೀಳುವುದು ಇನ್ನೊಬ್ಬನದರಲ್ಲಿ. ಓದಿಸಿ ಕೇಳಿದ ಡ್ರಾಮಾ ಮೇಷ್ಟ್ರು ಎಲೆಯಡಿಕೆಯನ್ನು ಕೆನ್ನೆಯ ಆ ಬದಿಗೆ ಸರಿಸಿ, “ಇಷ್ಟು ಒಳ್ಳೆಯವನು ಕೇಳಿದ ಕೂಡಲೇ ಮರ ಬಿಟ್ಟುಕೊಡುತ್ತಾನೆ, ನಾನು ಮೊದಲನೆಯ ಸೀನಿಗೇ ಮಂಗಳ ಹಾಡಬೇಕಾಗುತ್ತದೆ” ಎಂದರು. ಕೊನೆಗೆ ಅವರೇ ದಾರಿ ತೋರಿಸಿದರು: ಆ ಮರವನ್ನು ನೆಟ್ಟವಳು ನಾಯಕನ ತಾಯಿ, ತೋಟ, ಮನೆ ಏನು ಕೇಳಿದರೂ ಕೊಡುವವನು ಅದೊಂದನ್ನು ಮಾತ್ರ ಕೊಡಲಾರ.

ಅಲ್ಲಿಗೆ ನಾಟಕಕ್ಕೆ ಜೀವ ಬಂದಿತು. ಖಳನೆಂದರೆ ಮೀಸೆಯೂ ಅಟ್ಟಹಾಸವೂ ಎಂದು ತಿಳಿದವರುಂಟು, ನನಗೆ ಹಾಗೆನ್ನಿಸುವುದಿಲ್ಲ. ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂಬ ಹಟವೇ ದುರ್ಯೋಧನನ ಬಂಡವಾಳ, ಅದಕ್ಕೆ ಅವನ ಲೆಕ್ಕದಲ್ಲಿ ನ್ಯಾಯವೂ ಇದೆ. ಹತ್ತನೆಯ ಶತಮಾನದ ರನ್ನ ಅವನನ್ನು ವೈಶಂಪಾಯನ ಸರೋವರದಲ್ಲಿ ಮುಳುಗಿಸಿ, ದಡದಲ್ಲಿ ಭೀಮನಿಂದ ಗರ್ಜನೆ ಮಾಡಿಸಿ, ನೀರೊಳಗಿದ್ದವನನ್ನೂ ಬೆವರುವಂತೆ ಮಾಡಿದ. ಗದೆಗೆ ಗದೆ ಇನ್ನೂ ತಾಗಿರುವುದಿಲ್ಲ, ಆದರೂ ಓದುವವನು ಉಸಿರು ಬಿಗಿಹಿಡಿದಿರುತ್ತಾನೆ. ಎದೆಯುಬ್ಬಿಸಿಕೊಂಡೇ ಇರುವ ಖಳನಿಂದ ಈ ಕೆಲಸ ಆಗುವುದಿಲ್ಲ.

ನಮ್ಮ ಖಳನ ಪಾತ್ರವನ್ನು ಕೊಬ್ಬರಿ ವ್ಯಾಪಾರಿಯೊಬ್ಬರು ಎಲ್ಲರಿಗಿಂತ ಹೆಚ್ಚು ಹಣ ಕಟ್ಟಿ ಹಿಡಿದರು. ಹೆಚ್ಚುವರಿ ಹಾಡುಗಳನ್ನೂ ಸೋಲದಿರುವ ಹಕ್ಕನ್ನೂ ಕೇಳಿದರು. ಹಾಡುಗಳನ್ನು ಕೊಟ್ಟೆವು. ಪ್ರದರ್ಶನದ ರಾತ್ರಿ ಅವರು ರಂಗದ ನಡುವೆ ನಿಂತು, “ಈ ಮರ ನಮ್ಮ ಅಪ್ಪನದು, ಯಾವನು ಕೇಳುತ್ತಾನೋ ಕೇಳಲಿ” ಎಂದು ತೊಡೆ ತಟ್ಟಿದ್ದೇ ತಡ, ಚಾಪೆಯ ಮೇಲೆ ಕುಳಿತಿದ್ದ ಅವರ ನಿಜವಾದ ದಾಯಾದಿ ಎದ್ದು ನಿಂತು, “ನಾನು ಕೇಳುತ್ತೇನೆ, ಸರ್ವೆಯವರನ್ನು ಕರೆಸು” ಎಂದುಬಿಟ್ಟರು. ಆ ಮನೆಗಳ ನಡುವೆಯೂ ಒಂದು ಬದುವಿನ ವ್ಯಾಜ್ಯವಿತ್ತೆಂಬುದು ನನಗೆ ಆಗಲೇ ತಿಳಿದದ್ದು. ಜನ ಒನ್ಸ್ ಮೋರ್ ಎಂದು ಕೂಗಿದರು. ರಾಜಿ ಮಾಡಿಸಲು ಬರಬೇಕಿದ್ದ ಊರಗೌಡನ ಪಾತ್ರಧಾರಿ ಸೈಡ್‌ವಿಂಗಿನಲ್ಲಿ ಪರದೆಯ ಹಗ್ಗ ಹಿಡಿದು ನಿಂತವನು ಕದಲಲಿಲ್ಲ. ಮೇಷ್ಟ್ರು ಹಾರ್ಮೋನಿಯಂನ ಒಂದೇ ಮನೆಯನ್ನು ಒತ್ತಿಹಿಡಿದು ಅವನನ್ನು ಕಣ್ಣಿನಲ್ಲೇ ಬೈಯುತ್ತಿದ್ದರು. ಕಡೆಗೆ ಗೌಡನ ಮಾತುಗಳನ್ನೂ ಖಳನೇ ಆಡಿ, ತನ್ನೊಂದಿಗೆ ತಾನೇ ರಾಜಿಯಾಗಲು ನಿರಾಕರಿಸಿದನು.

ಮರುದಿನ ಬೆಳಿಗ್ಗೆ ಆ ದಾಯಾದಿ ನಮ್ಮ ಮನೆಗೆ ಬಂದು, ಮುಂದಿನ ವರ್ಷ ಎದುರಾಳಿಯ ಪಾತ್ರ ತಮಗೇ ಬೇಕೆಂದು ಮುಂಗಡ ಕೊಟ್ಟು ಹೋದರು. ನಾಟಕದಲ್ಲಾದರೂ ಮರ ತಮ್ಮ ಕಡೆಗೇ ಇರಬೇಕೆಂಬುದು ಅವರ ಷರತ್ತು. ಮೇಷ್ಟ್ರು ಅದಕ್ಕೆ ಇನ್ನೂ ಒಪ್ಪಿಲ್ಲ.