ಮ್ಯಾಗ್ಡೆಬರ್ಗ್‌ನ ನಲ್ಲಿ ಸೋರಿದರೆ ಹಾಸನದಿಂದ ಮೇಲ್

ಮೊನ್ನೆ ಭಾನುವಾರ ಹಾಸನದಲ್ಲಿ ನಮ್ಮ ನೆಂಟರೊಬ್ಬರ ಮನೆ ಗೃಹಪ್ರವೇಶ. ಊಟ ಮುಗಿಸಿ ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಹಾಲ್‌ನಲ್ಲಿ ಕೂತಿದ್ದೆವು. ನಮ್ಮ ಚಿಕ್ಕಪ್ಪ ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಮಗನಿಗೆ ವಿಡಿಯೋ ಕಾಲ್ ಹಾಕಿದರು. ಹುಡುಗ ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಹೋಗಿ ಏಳೆಂಟು ತಿಂಗಳಾಯಿತು. ನಮಗೆ ಮಧ್ಯಾಹ್ನ ಎರಡೂವರೆ, ಅಲ್ಲಿ ಬೆಳಿಗ್ಗೆ ಹನ್ನೊಂದು.

"ಫ್ರಿಜ್ ತೋರಿಸು" ಅಂದರು ಚಿಕ್ಕಮ್ಮ. ಅವನು ತೋರಿಸಿದ. ಹಾಲಿನ ಪ್ಯಾಕೆಟ್ ತಿರುಗಿಸಿ ಡೇಟ್ ತೋರಿಸು ಅಂದರು. ಅದನ್ನೂ ತೋರಿಸಿದ. ಮೊಸರು ಎಲ್ಲಿ, ಅನ್ನಕ್ಕೆ ಎಷ್ಟು ನೀರು ಇಟ್ಟೆ, ತಲೆಗೆ ಎಣ್ಣೆ ಹಚ್ಚಿದೆಯಾ, ಎಲ್ಲ ಆಯಿತು. ಅಲ್ಲಿವರೆಗೂ ನನಗೇನೂ ಅನ್ನಿಸಲಿಲ್ಲ. ಅಮ್ಮಂದಿರು ಕೇಳುವುದೇ ಅದನ್ನ. ಆಮೇಲೆ ಅವನು ಅಡುಗೆಮನೆ ನಲ್ಲಿ ಸೋರುತ್ತಿದೆ ಅಂದ. ಚಿಕ್ಕಪ್ಪ "ಇರು, ನಾನು ಹಾಕ್ತೀನಿ" ಅಂದವರೇ ಕಾಲ್ ಕಟ್ ಮಾಡಿದರು. ತಮ್ಮ ಫೋನಿನಲ್ಲೇ ಅವನ ಮೇಲ್ ತೆರೆದರು. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, ಗೂಗಲ್‌ನಲ್ಲಿ ಜರ್ಮನ್ ಮಾಡಿಸಿ, ಮನೆ ಮಾಲೀಕರಿಗೆ ಅವನ ಹೆಸರಲ್ಲೇ ಕಳಿಸಿದರು. ಅವನ ಮೇಲ್ ಪಾಸ್‌ವರ್ಡ್ ಇವರ ಹತ್ತಿರ ಇದೆ. ಬ್ಯಾಂಕ್ ಆ್ಯಪ್‌ನದೂ ಇದೆ. ಹುಡುಗನಿಗೆ 24 ವರ್ಷ.

ಸುತ್ತ ಕೂತವರೆಲ್ಲ "ಎಷ್ಟು ಕಾಳಜಿ ನೋಡಿ, ಇಂಥ ಅಪ್ಪ ಸಿಗೋಕೆ ಪುಣ್ಯ ಮಾಡಿರಬೇಕು" ಅಂದರು. ನನಗೆ ತಡೆಯಲಾಗಲಿಲ್ಲ. "ಚಿಕ್ಕಪ್ಪ, ಅದನ್ನ ಅವನೇ ಬರೀಬಹುದಿತ್ತಲ್ವಾ" ಅಂದೆ. ಚಿಕ್ಕಮ್ಮನಿಗೆ ಬೇಜಾರಾಯಿತು. "ನಿನಗೂ ಮಕ್ಕಳಾಗಲಿ, ಆಗ ಗೊತ್ತಾಗುತ್ತೆ" ಅಂದು ಎದ್ದು ಒಳಗೆ ಹೋದರು. ಮೂರು ದಿನದಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು 2017ರಲ್ಲಿ ಜರ್ಮನಿಯ ಕೆಮ್ನಿಟ್ಜ್‌ಗೆ ಓದಲು ಹೋದದ್ದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅದಕ್ಕೇ ಪ್ರತಿ ವರ್ಷ ಊರ ಕಡೆಯ ಐದಾರು ಮಕ್ಕಳು ಮೆಸೇಜ್ ಮಾಡುತ್ತಾರೆ. ನನಗೆ ಖುಷಿಯೇ. ರಾತ್ರಿ ಕೂತು ಒಬ್ಬೊಬ್ಬರಿಗೂ ಉತ್ತರ ಕೊಡುತ್ತೇನೆ. ಆದರೆ ಎರಡು ಮೂರು ವರ್ಷದಿಂದ ಮಕ್ಕಳ ಮೆಸೇಜ್ ಕಮ್ಮಿಯಾಗಿದೆ, ಅಪ್ಪ ಅಮ್ಮಂದಿರ ಮೆಸೇಜ್ ಜಾಸ್ತಿಯಾಗಿದೆ. "ಮೇಡಂ, ಮಗನ ಎಪಿಎಸ್ ಬಂತು, ಯಾವ ಯೂನಿವರ್ಸಿಟಿಗೆ ಹಾಕೋದು?" "ಮಗಳಿಗೆ ರೂಮ್ ನೋಡ್ತಾ ಇದೀವಿ, ಯಾವ ಏರಿಯಾ ಒಳ್ಳೇದು?" ನಮ್ಮ ಮಾರ್ಕ್ಸ್ ಕಾರ್ಡ್ ಅಸಲಿಯೇ ಅಂತ ಪರೀಕ್ಷಿಸಿ ಕೊಡುವ ಸರ್ಟಿಫಿಕೇಟ್ ಈ ಎಪಿಎಸ್. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಅದು ಕಡ್ಡಾಯ. ಅದರ ಅರ್ಜಿ ಅಪ್ಪ ತುಂಬುತ್ತಾರೆ. ನಾನು ಯಾಕೆ ಈ ಕೋರ್ಸ್ ಓದಬೇಕು ಅಂತ ಬರೆಯುವ ಪತ್ರವನ್ನು ದುಡ್ಡು ತೆಗೆದುಕೊಂಡು ಕನ್ಸಲ್ಟೆನ್ಸಿಯವರು ಬರೆಯುತ್ತಾರೆ. ಹುಡುಗ ಸೂಟ್‌ಕೇಸ್ ಹಿಡಿದು ವಿಮಾನ ಹತ್ತುತ್ತಾನೆ. ಅಷ್ಟೇ ಅವನ ಕೆಲಸ.

2023–24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು 49 ಸಾವಿರಕ್ಕೂ ಹೆಚ್ಚು. ಹೊರದೇಶದಿಂದ ಬಂದು ಓದುವವರಲ್ಲಿ ನಮ್ಮವರೇ ಎಲ್ಲರಿಗಿಂತ ಜಾಸ್ತಿ. ಅದರಲ್ಲಿ ಎಷ್ಟು ಮಕ್ಕಳು ನಿಜಕ್ಕೂ ಮನೆ ಬಿಟ್ಟು ಹೋಗಿದ್ದಾರೆ ಅನ್ನುವುದೇ ನನ್ನ ಪ್ರಶ್ನೆ.

"ಫಾರಿನ್‌ಗೆ ಹೋಗಿ ಬಂದ, ಎಷ್ಟು ಬದಲಾಗಿದ್ದಾನೆ" ಅಂತ ಮದುವೆ ಮನೆಗಳಲ್ಲಿ ಹೇಳುತ್ತಿರುತ್ತಾರಲ್ಲ, ಆ ಬದಲಾವಣೆ ಅಲ್ಲಿನ ಗಾಳಿಯಿಂದ ಬಂದದ್ದಲ್ಲ. ನನ್ನ ಮಟ್ಟಿಗೆ ಅದು ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ನನ್ನಪ್ಪನದು ಅರಸೀಕೆರೆಯಲ್ಲಿ ಹಿಟ್ಟಿನ ಗಿರಣಿ. ಹೊರಡುವ ಹಿಂದಿನ ರಾತ್ರಿ ಒಂದೇ ಮಾತು ಹೇಳಿದರು. "ನಾನು ಅಲ್ಲಿಗೆ ಬಂದು ಏನೂ ಮಾಡೋಕಾಗಲ್ಲ ಕಣಮ್ಮ. ನೀನೇ ನೋಡ್ಕೋಬೇಕು. ಭಾನುವಾರ ಫೋನ್ ಮಾಡು, ಸಾಕು." ಆಗ ನನಗೆ ತುಂಬ ನೋವಾಗಿತ್ತು. ಗಂಡು ಮಗನಾಗಿದ್ದರೆ ಹೀಗೆ ಹೇಳುತ್ತಿದ್ದರಾ ಅಂತ ವಿಮಾನದಲ್ಲಿ ಅತ್ತಿದ್ದೆ. ಇದನ್ನು ಇವತ್ತಿನವರೆಗೆ ಅಪ್ಪನಿಗೂ ಹೇಳಿಲ್ಲ.

ಹೋದ ಮೂರನೇ ವಾರ ನನ್ನ ಬಾಗಿಲಿಗೆ ಯಾರೋ ಒಂದು ಚೀಟಿ ಅಂಟಿಸಿದ್ದರು. ಕೈಬರಹ, ಜರ್ಮನ್. ಅಕ್ಷರ ಅಕ್ಷರ ಟೈಪ್ ಮಾಡಿ ಅರ್ಥ ನೋಡಿದೆ. ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದು ಅಂತಿತ್ತು. ನಾನು ಲೈಬ್ರರಿಯಿಂದ ಬಂದು ಹತ್ತೂವರೆಗೆ ಕುಕ್ಕರ್ ಇಡುತ್ತಿದ್ದೆ. ನಾಲ್ಕು ವಿಷಲ್. ಅವತ್ತು ಗುರುವಾರ. ಭಾನುವಾರದ ತನಕ ಅಪ್ಪನಿಗೆ ಹೇಳುವಂತಿಲ್ಲ. ಹೇಳಿದ್ದರೂ ಅಪ್ಪ ಏನು ಮಾಡುತ್ತಿದ್ದರು? ಕನ್ನಡಿ ಮುಂದೆ ನಿಂತು ಎರಡು ವಾಕ್ಯ ಜರ್ಮನ್ ಬಾಯಿಪಾಠ ಮಾಡಿ ಪಕ್ಕದ ಬಾಗಿಲು ತಟ್ಟಿದೆ. ವಯಸ್ಸಾದ ಹೆಂಗಸು. ನಾನು ತಪ್ಪಾಯಿತು ಅಂದೆ. ಆಕೆ ನಗಲಿಲ್ಲ, ಬೈಯಲೂ ಇಲ್ಲ. ಗೋಡೆಯ ಗಡಿಯಾರದ ಕಡೆ ಕೈ ತೋರಿಸಿ ಹತ್ತು ಅಂದರು. ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಂಡರು. ನನ್ನ ಕಾಲು ನಡುಗುತ್ತಿತ್ತು. ರೂಮಿಗೆ ಬಂದು ಕೂತಾಗ ಮಾತ್ರ ಏನೋ ಒಂದು ದೊಡ್ಡ ಕೆಲಸ ಮಾಡಿದ ಹಾಗಿತ್ತು. ನನ್ನ ತಪ್ಪಿಗೆ ನಾನೇ ಹೋಗಿ ಒಂದು ಬಾಗಿಲು ತಟ್ಟಿದ್ದು ಜೀವನದಲ್ಲಿ ಅದೇ ಮೊದಲು. 22 ವರ್ಷ ಆಗಿತ್ತು ನನಗೆ.

ಇನ್ನು ದುಡ್ಡು. ಅಲ್ಲಿಗೆ ಹೋಗುವ ಮೊದಲೇ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕು. ತಿಂಗಳಿಗೆ ಇಷ್ಟೇ ಅಂತ ಬಿಡುತ್ತಾರೆ. ನನ್ನ ಕಾಲಕ್ಕೆ ತಿಂಗಳಿಗೆ 720 ಯೂರೋ. ಈಗ 992, ವರ್ಷಕ್ಕೆ 11,904. ಬಾಡಿಗೆ, ಇನ್ಶೂರೆನ್ಸ್, ಊಟ, ಎಲ್ಲ ಅದರಲ್ಲೇ. 2018ರ ಜನವರಿಯಲ್ಲಿ ನಾನು ಚಳಿಗೆ ಒಳ್ಳೆಯ ಬೂಟು ತಗೊಂಡು ಲೆಕ್ಕ ತಪ್ಪಿದೆ. 26ನೇ ತಾರೀಖಿಗೆ ಉಳಿದದ್ದು 14 ಯೂರೋ. ಮಂಚದ ಕೆಳಗೆ ಖಾಲಿ ನೀರಿನ ಬಾಟಲಿ ಇದ್ದವು. ಅಲ್ಲಿ ಅಂಗಡಿಯ ಮೆಷಿನ್‌ಗೆ ಒಂದು ಪ್ಲಾಸ್ಟಿಕ್ ಬಾಟಲಿ ಹಾಕಿದರೆ 25 ಸೆಂಟ್ ವಾಪಸ್. ಎಣಿಸಿದೆ. ಹತ್ತೊಂಬತ್ತು. ಒಂದೊಂದನ್ನೇ ಒಳಗೆ ತಳ್ಳಿದೆ. ಕೊನೆಗೆ ಬಟನ್ ಒತ್ತಿದಾಗ ಬಂದ ಚೀಟಿಯಲ್ಲಿ 4.75 ಅಂತಿತ್ತು. ಅಕ್ಕಿ, ಈರುಳ್ಳಿ, ಒಂದು ಲೀಟರ್ ಹಾಲು ಬಂತು. ತಿಂಗಳು ಮುಗಿಯಿತು. ಅದಾದ ಮೇಲೆ ಇವತ್ತಿನವರೆಗೂ ತಿಂಗಳ ಕೊನೆಯಲ್ಲಿ ಯಾರ ಹತ್ತಿರವೂ ಸಾಲ ಕೇಳಿಲ್ಲ. ಅವತ್ತು ನನ್ನ ಬ್ಯಾಂಕ್ ಆ್ಯಪ್ ಅಪ್ಪನ ಫೋನಿನಲ್ಲಿ ಇದ್ದಿದ್ದರೆ? ಪಾಪ, ಕರುಳು ಕೇಳದೆ ಎಲ್ಲಿಂದಲಾದರೂ ತಂದು ಹಾಕಿಬಿಡುತ್ತಿದ್ದರು. ನಾನು ಆ ಬಾಟಲಿಗಳನ್ನು ಎಣಿಸುತ್ತಲೇ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠ ಪರೀಕ್ಷೆಯದು. ನಮ್ಮ ವಿಟಿಯು ಕಾಲೇಜಿನಲ್ಲಿ ಹೇಗಿತ್ತು ನಿಮಗೆ ಗೊತ್ತಲ್ಲ. 85 ಪರ್ಸೆಂಟ್ ಅಟೆಂಡೆನ್ಸ್. ಕಮ್ಮಿಯಾದರೆ ಮನೆಗೆ ಫೋನ್. ಇಂಟರ್ನಲ್ಸ್ ಬರೆಯದಿದ್ದರೆ ಲೆಕ್ಚರರ್ ಬಂದು ಹುಡುಕುತ್ತಿದ್ದರು. ಅಲ್ಲಿ ಕ್ಲಾಸಿಗೆ ಬಂದೆಯಾ ಅಂತ ಕೇಳುವವರಿಲ್ಲ. ಪರೀಕ್ಷೆಗೆ ನಾನೇ ಹೆಸರು ನೋಂದಾಯಿಸಬೇಕು. ಮರೆತರೆ ಆ ಸಲ ಇಲ್ಲ. ಎಷ್ಟೋ ವಿಷಯಕ್ಕೆ ಕೊನೆಯ ಒಂದು ಪರೀಕ್ಷೆಯೇ ಎಲ್ಲ. 1.0 ಅಂದರೆ ಅತ್ಯುತ್ತಮ, 4.0 ಅಂದರೆ ಪಾಸು, 5.0 ಅಂದರೆ ಫೇಲು. ಮೊದಲ ಸೆಮಿಸ್ಟರ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ನನಗೆ 5.0 ಬಂತು. ಬಿ.ಇ.ಯಲ್ಲಿ ಡಿಸ್ಟಿಂಕ್ಷನ್ ತೆಗೆದವಳು ನಾನು. ಎರಡು ವಾರ ಯಾರಿಗೂ ಹೇಳಲಿಲ್ಲ.

ಅಲ್ಲಿ ತಿದ್ದಿದ ಉತ್ತರ ಪತ್ರಿಕೆಯನ್ನು ನಾವೇ ಹೋಗಿ ನೋಡಲು ಒಂದು ದಿನ ಇಡುತ್ತಾರೆ. ಹೋದೆ. ಪ್ರೊಫೆಸರ್‌ರ ಸಹಾಯಕರು ನನ್ನ ಪತ್ರಿಕೆ ತೆರೆದು ಪಕ್ಕದಲ್ಲೇ ಕೂತರು. ಮೂರನೇ ಪ್ರಶ್ನೆಯ ಚಿತ್ರದ ಹತ್ತಿರ ಕೆಂಪು ಪೆನ್ನಿನ ಪ್ರಶ್ನೆ ಚಿಹ್ನೆ ಇತ್ತು. ಅದರ ಮೇಲೆ ಬೆರಳಿಟ್ಟು "ಇಲ್ಲಿ ನೀವು ಏನು ಯೋಚನೆ ಮಾಡಿದಿರಿ?" ಅಂತ ಕೇಳಿದರು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದೆ, ಈ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ಗಂಟಲು ಕಟ್ಟಿತು. "ಯೋಚನೆ ಮಾಡಲಿಲ್ಲ. ಇದೇ ಥರದ ಲೆಕ್ಕ ಬಾಯಿಪಾಠ ಮಾಡಿದ್ದೆ, ಅದನ್ನೇ ಬರೆದೆ" ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಒಂದು ಬಿಳಿ ಹಾಳೆ ಎಳೆದುಕೊಂಡು "ಸರಿ, ಈಗ ಯೋಚಿಸಿ" ಅಂದು ಪೆನ್ನು ನನ್ನ ಕೈಗೆ ಕೊಟ್ಟರು.

ಆ ಭಾನುವಾರ ಅಪ್ಪನಿಗೆ ಹೇಳಿದೆ. ಆ ಕಡೆ ಗಿರಣಿ ಓಡುವ ಸದ್ದು. ಸ್ವಲ್ಪ ಹೊತ್ತು ಬರೀ ಅದೇ ಕೇಳಿಸಿತು. ಆಮೇಲೆ "ಇನ್ನೆಷ್ಟು ಸಲ ಬರೀಬಹುದು?" ಅಂದರು. "ಎರಡು ಸಲ" ಅಂದೆ. "ಹಂಗಾದ್ರೆ ಬರಿ" ಅಂದರು. ಎರಡನೇ ಸಲ 2.7 ಬಂತು.

ಚಿಕ್ಕಪ್ಪ ಅವತ್ತು ನನಗೆ ಒಂದು ಮಾತು ಹೇಳಿದರು, ಅದನ್ನು ಮುಚ್ಚಿಡುವುದಿಲ್ಲ. "ಸಾಲ ನಂದು ಕಣಮ್ಮ. ತೆಂಗಿನ ತೋಟದ ಪತ್ರ ಬ್ಯಾಂಕಲ್ಲಿದೆ. ನಾನು ಕೇಳದೆ ಇನ್ಯಾರು ಕೇಳಬೇಕು?" ನ್ಯಾಯವಾದ ಮಾತು. ಬ್ಲಾಕ್ಡ್ ಅಕೌಂಟ್‌ಗೇ ಹನ್ನೊಂದು ಹನ್ನೆರಡು ಲಕ್ಷ ಬೇಕು. ತೋಟ ಅಡ ಇಟ್ಟವನಿಗೆ ರಾತ್ರಿ ನಿದ್ದೆ ಬರುವುದಿಲ್ಲ ಅನ್ನುವುದು ನನಗೆ ಗೊತ್ತು. ನನ್ನಪ್ಪನೂ ಗಿರಣಿ ಜಾಗದ ಮೇಲೇ ಸಾಲ ತಂದಿದ್ದು. ಆದರೆ ಆ ಸಾಲ ತೀರಿಸಬೇಕಾದವನು ನಾಳೆ ಕೆಲಸಕ್ಕೆ ಇಂಟರ್‌ವ್ಯೂಗೆ ಹೋಗುವ ಅದೇ ಹುಡುಗ ಅಲ್ವಾ? ನಲ್ಲಿ ರಿಪೇರಿಗೆ ಒಂದು ಮೇಲ್ ಬರೆಯದವನು ಅಲ್ಲಿ ಕೂತು ಏನು ಮಾತಾಡುತ್ತಾನೆ?

"ಒಂಟಿತನದಲ್ಲಿ ಮಕ್ಕಳು ಏನಾದರೂ ಮಾಡಿಕೊಂಡರೆ?" ಅಂತಲೂ ಕೇಳುತ್ತಾರೆ. ಈ ಭಯ ಸುಳ್ಳಲ್ಲ. ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ. ಭಾನುವಾರ ಅಂಗಡಿಗಳೂ ಇಲ್ಲ. ದಿನಗಟ್ಟಲೆ ರೂಮಿನಿಂದ ಹೊರಗೆ ಬಾರದ ಹುಡುಗನ ಬಾಗಿಲು ತಟ್ಟಿ ಊಟ ಕೊಟ್ಟವಳು ನಾನು. ದಿನಕ್ಕೆ ಮೂರು ಸಲ ಅವನ ಮನೆಯಿಂದ ಫೋನ್ ಬರುತ್ತಿತ್ತು. ಮೂರು ಸಲವೂ ಅವನು ಮುಖ ತೊಳೆದುಕೊಂಡು ಕೂತು "ಚೆನ್ನಾಗಿದ್ದೀನಿ ಅಮ್ಮ" ಅನ್ನುತ್ತಿದ್ದ. ಈಗಲೂ ಮಕ್ಕಳು ನನಗೆ ರಾತ್ರಿ ಹೊತ್ತು ಮೆಸೇಜ್ ಮಾಡುತ್ತಾರೆ. ಫೇಲಾದದ್ದು, ಕೆಲಸ ಹೋದದ್ದು, ನಿದ್ದೆ ಬರದಿರುವುದು, ಎಲ್ಲ ಬರೆಯುತ್ತಾರೆ. ಕೊನೆಯ ಸಾಲು ಯಾವಾಗಲೂ ಒಂದೇ. "ಅಕ್ಕಾ, ಮನೆಗೆ ಮಾತ್ರ ಹೇಳಬೇಡಿ." ದಿನಾ ಫ್ರಿಜ್ ತೋರಿಸುವ ಮಕ್ಕಳೇ ಇವರು.

ಇನ್ನೊಂದು ಕಡೆ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ವಿದ್ಯಾರ್ಥಿವೇತನ ಯೋಜನೆಯಲ್ಲಿ ಹೊರದೇಶಕ್ಕೆ ಹೋಗಲು ತಯಾರಾಗುವ ಮಕ್ಕಳೂ ನನ್ನ ಹತ್ತಿರ ಕೇಳುತ್ತಾರೆ. ಅಪ್ಪ ಕೂಲಿ, ಅಮ್ಮ ಕೂಲಿ. ಮನೆಯಲ್ಲಿ ಯಾರಿಗೂ ವೀಸಾ ಅಂದರೇನು ಗೊತ್ತಿಲ್ಲ. ಅರ್ಜಿ, ಆದಾಯ ಪತ್ರ, ಜಾತಿ ಪತ್ರ, ಎಲ್ಲಕ್ಕೂ ಅವರೇ ಓಡಾಡಿರುತ್ತಾರೆ. ಆ ಮಕ್ಕಳ ಪ್ರಶ್ನೆ ಕೇಳಿದರೆ ನನಗೆ ಸಂತೋಷವಾಗುತ್ತದೆ. ಪಟ್ಟಿ ಮಾಡಿಕೊಂಡು ಕೇಳುತ್ತಾರೆ, ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ವಿಮಾನ ಹತ್ತುವ ಮೊದಲೇ ಅರ್ಧ ದಾರಿ ಬಂದಿರುತ್ತಾರೆ.

ಚಿಕ್ಕಪ್ಪ, ನೀವು ಇದನ್ನು ಓದುತ್ತೀರಿ ಅಂತ ನನಗೆ ಗೊತ್ತು. ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಮೇಲ್‌ಗೆ ಆ ಮಾಲೀಕರು ಉತ್ತರ ಬರೆದಿರುತ್ತಾರೆ. ಅದನ್ನು ತೆರೆಯಬೇಡಿ. ಪ್ಲಂಬರ್ ಯಾವ ದಿನ ಬರುತ್ತಾನೆ ಅಂತ ಅವನೇ ಓದಲಿ. ಅರ್ಥವಾಗದಿದ್ದರೆ ಪಕ್ಕದ ಮನೆಯವರನ್ನು ಕೇಳಲಿ. ತಪ್ಪು ತಪ್ಪು ಜರ್ಮನ್‌ನಲ್ಲೇ ಕೇಳಲಿ. ಇವತ್ತು ಸಂಜೆ ಫೋನ್ ಮಾಡಿದಾಗ ಪಾಸ್‌ವರ್ಡ್ ಬದಲಾಯಿಸು ಅಂತ ಹೇಳಿ. ಹೊಸದು ಏನಿಟ್ಟೆ ಅಂತ ಕೇಳಬೇಡಿ.