ಮೀಟರಿಗೆ ಸೀಸದ ಅಂಗಿ

2011ರ ಡಿಸೆಂಬರ್. ಸ್ಫೋಟವಾಗಿ ಒಂಬತ್ತು ತಿಂಗಳಾಗಿದ್ದ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಒಬ್ಬ ಉಪಗುತ್ತಿಗೆದಾರ ತನ್ನ ಕೆಲಸಗಾರರಿಗೆ ಸೀಸದ ತಗಡು ಕೊಟ್ಟ. ಒಳ್ಳೆಯ ಮನುಷ್ಯ ಅನ್ನಬೇಡಿ, ತಾಳಿ. ಸೀಸ ವಿಕಿರಣ ತಡೆಯುತ್ತದೆ, ನಿಜ. ಆದರೆ ಅದನ್ನು ಸುತ್ತಬೇಕಾಗಿದ್ದದ್ದು ಮೈಗಲ್ಲ, ಜೇಬಿನಲ್ಲಿದ್ದ ಡೋಸಿಮೀಟರಿಗೆ, ಅಂದರೆ ಮೈಗೆ ಬಿದ್ದ ವಿಕಿರಣ ಅಳೆಯುವ ಮೀಟರಿಗೆ! ಆ ವಿಕಿರಣದ ಅಳತೆ ಮಿಲಿಸೀವರ್ಟ್; ವರ್ಷಕ್ಕೆ 50 ಮಿಲಿಸೀವರ್ಟ್ ದಾಟಿದರೆ ಕೆಲಸ ಹೋಗುತ್ತದೆ. ಮೈ ದಾಟಿದರೆ ಪರವಾಗಿಲ್ಲ, ಮೀಟರ್ ದಾಟಬಾರದು, ಅಲ್ವಾ?

ಮುಂದಿನ ಜುಲೈನಲ್ಲಿ ಸುದ್ದಿ ಹೊರಬಿತ್ತು. ಎಲ್ಲರೂ ಛೀ ಥೂ ಅಂದರು. ನನಗೇನೋ ಆತನ ಮೇಲೆ ಸ್ವಲ್ಪ ಕನಿಕರವಿದೆ. ಪಾಪ, ಸರ್ಕಾರ ಮಾಡಿದ್ದನ್ನೇ ಆತ ತಗಡಿನಲ್ಲಿ ಮಾಡಿದ. ಸರ್ಕಾರದ ಬಳಿ ಪೆನ್ನಿತ್ತು, ಅಷ್ಟೇ ವ್ಯತ್ಯಾಸ.

2011ರ ಮಾರ್ಚಿನಲ್ಲಿ ರಿಯಾಕ್ಟರ್ ಕಟ್ಟಡಗಳು ಸಿಡಿಯುತ್ತಿದ್ದಾಗ, ತುರ್ತು ಕೆಲಸಗಾರರ ಮಿತಿ 100 ಮಿಲಿಸೀವರ್ಟ್ ಇದ್ದದ್ದು 250 ಆಯಿತು. ಒಂದು ಸಹಿ, ಎಲ್ಲರ ಮೈಯೂ ಎರಡೂವರೆ ಪಟ್ಟು ಗಟ್ಟಿ! ಸಣ್ಣ ಡೋಸ್ ಎಷ್ಟು ಕೆಟ್ಟದ್ದು ಅಂತ ವಿಜ್ಞಾನಿಗಳು ಇವತ್ತಿಗೂ ಜಗಳವಾಡುತ್ತಾರೆ. ನ್ಯಾಯವಾದ ಜಗಳವೇ. ಮಿತಿ ಬದಲಾಗಬಾರದು ಅಂತಲೂ ನಾನು ಹೇಳುವುದಿಲ್ಲ. ಆದರೆ ಮನೆಗೆ ಬೆಂಕಿ ಬಿದ್ದ ದಿನವೇ ಎಷ್ಟು ಸುಟ್ಟರೆ ಸುಟ್ಟಂತೆ ಅಂತ ಹೊಸದಾಗಿ ತೀರ್ಮಾನಿಸಿದರೆ ಹೇಗೆ?

ಏಪ್ರಿಲ್‌ನಲ್ಲಿ ಶಾಲೆಗಳ ಸರದಿ. ಸಾಮಾನ್ಯ ಜನರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಅನ್ನುವುದು ಅಲ್ಲಿಯವರೆಗಿನ ಅಳತೆ. ಫುಕುಶಿಮಾದ ಮಕ್ಕಳಿಗೆ 20ರವರೆಗೂ ನಡೆಯುತ್ತದೆ ಎಂದರು. ಸರ್ಕಾರದ ಸಲಹೆಗಾರರಾಗಿದ್ದ ಪ್ರೊಫೆಸರ್ ತೊಶಿಸೊ ಕೊಸಾಕೊ ಇದನ್ನು ಒಪ್ಪಲಿಲ್ಲ, ಕಣ್ಣೀರು ಹಾಕಿಕೊಂಡು ರಾಜೀನಾಮೆ ಕೊಟ್ಟರು. ಅಂಕಿಗಳ ಕೆಲಸಕ್ಕೆ ಅಳುವವರನ್ನು ಇಟ್ಟುಕೊಳ್ಳಬಾರದು ನೋಡಿ.

ವರ್ಷಕ್ಕೆ ಆ 20 ದಾಟದಿರಲಿ ಅಂತ ಶಾಲೆಯ ಮೈದಾನಕ್ಕೆ ಗಂಟೆಗೆ 3.8 ಮೈಕ್ರೋಸೀವರ್ಟ್ (ಮೈಕ್ರೋ ಅಂದರೆ ಮಿಲಿಯ ಸಾವಿರದಲ್ಲೊಂದು ಪಾಲು) ಮಿತಿ ಹಾಕಿದರು. ಇದು ಎಲ್ಲಿಂದ ಬಂತು ಅಂದರೆ, ಮಗು ದಿನಕ್ಕೆ 8 ಗಂಟೆ ಹೊರಗೆ, 16 ಗಂಟೆ ಮರದ ಮನೆಯೊಳಗೆ ಇರುತ್ತದೆ ಅನ್ನುವ ಲೆಕ್ಕದಿಂದ. ಅಚ್ಚುಕಟ್ಟು ಲೆಕ್ಕ. ಮಗು ಮಾತ್ರ ಅದನ್ನು ಓದಿಕೊಂಡಿರಬೇಕು. ಒಂಬತ್ತನೇ ಗಂಟೆ ಶುರುವಾಯಿತೋ, ಚೆಂಡು ಪೊದೆಯಲ್ಲೇ ಇರಲಿ, ಸುಮ್ನೆ ಮನೆಗೆ ಬರಬೇಕು. ಮಣ್ಣಲ್ಲಿ ಕೂತು ಗುಂಡಿ ತೋಡಬಾರದು. ತೋಡಿದ ಬೆರಳನ್ನು ಬಾಯಿಗೆ ಇಡಲೇಬಾರದು, ಆ ಸೂತ್ರದಲ್ಲಿ ಬೆರಳಿಗೆ ಜಾಗವಿಲ್ಲ.

ತಾಯಂದಿರು ಗಲಾಟೆ ಮಾಡಿದರು. ಮೇ ಮುಗಿಯುವ ಹೊತ್ತಿಗೆ, ಶಾಲೆಯಲ್ಲಿ ವರ್ಷಕ್ಕೆ 1 ಮಿಲಿಸೀವರ್ಟ್ ಒಳಗೇ ಇರಿಸಲು ಪ್ರಯತ್ನಿಸುತ್ತೇವೆ ಅಂತ ಶಿಕ್ಷಣ ಸಚಿವಾಲಯ ಹೇಳಿತು. ಒಂದೇ ತಿಂಗಳಲ್ಲಿ ಮಕ್ಕಳ ಮೈ ಮತ್ತೆ ಮೆತ್ತಗಾಗಿತ್ತು.