ವಾಪಸ್ ಬಾರದ ಎಲೆಗಳು

ರಾಯಚೂರು ಕಡೆ ಮನೆಯಲ್ಲಿ ಎಲೆ ಆಡುತ್ತಾರೆ ಅಂದರೆ ಕೇಳಿದವರ ಹುಬ್ಬು ತಾನಾಗಿ ಮೇಲೇರುತ್ತದೆ. ಪತ್ರಿಕೆಯ ಒಳಪುಟ ತೆರೆದರೆ ಆಗಾಗ ಅದೇ ಸುದ್ದಿ: ಹಳ್ಳದ ದಂಡೆ, ಜಾಲಿ ಗಿಡದ ನೆರಳು, ಅಂದರ್ ಬಾಹರ್, ಪೊಲೀಸರ ದಾಳಿ, 52 ಎಲೆ ಮತ್ತು ಒಂದಿಷ್ಟು ನಗದು ಜಪ್ತಿ. ಹೀಗಾಗಿ ಬ್ಯಾಸಗಿ ಸೂಟಿಗೆ ಬಂದ ತಂಗಿಯ ಮಗ ಪಡಸಾಲೆಯ ಜಮಖಾನದ ಮೇಲೆ ದಪ್ಪನೆಯ ಎಲೆಗಳ ಕಟ್ಟು ಕಲಸತೊಡಗಿದ್ದೇ ನಮ್ಮವ್ವ ಎದ್ದು ಹೋಗಿ ಬೀದಿ ಬಾಗಿಲು ಮುಂದಕ್ಕೆಳೆದಳು.

"ಜೂಜಲ್ಲಬೇ, ಹುಡುಗರ ಆಟ. ಪೋಕೆಮಾನ್," ಅಂದೆ.

"ಹಂಗಾದ್ರ ಅಷ್ಟು ರೊಕ್ಕ ಕೊಟ್ಟು ಯಾಕ ತಂದಾನ?"

ಉತ್ತರ ಕೊಡೋದು ಕಷ್ಟದ ಪ್ರಶ್ನೆ. ಬಿಟ್ಟು ಮುಂದಕ್ಕೆ ಹೋಗೋಣ.

ಜಪಾನಿನಲ್ಲಿ 1996ರಲ್ಲಿ ಹುಟ್ಟಿದ ಈ ಆಟದಲ್ಲಿ ಆಡುವವರಿಬ್ಬರಿಗೂ 60 ಎಲೆಗಳ ಒಂದೊಂದು ಕಟ್ಟು. ಕಾದಾಡುವ ಪ್ರಾಣಿಯ ಎಲೆ ಮುಂದೆ, ಸರದಿ ಕಾಯುವವು ಐದರ ತನಕ ಹಿಂದಿನ ಬೆಂಚಿನ ಮೇಲೆ, ಗೆದ್ದಂತೆಲ್ಲ ಎತ್ತಿಕೊಳ್ಳಬೇಕಾದ ಆರು ಬಹುಮಾನದ ಎಲೆ ಬೋರಲಾಗಿ ಮಗ್ಗುಲಿಗೆ. ಸೋತು ಬಿದ್ದದ್ದು, ಬಳಸಿ ಮುಗಿದದ್ದು ಡಿಸ್ಕಾರ್ಡ್ ಗುಡ್ಡೆಗೆ. ಆದರೆ ಆ ಗುಡ್ಡೆಯ ಮೇಲೆ ಯಾರಿಗೂ ಅಷ್ಟೇನೂ ಭಯವಿಲ್ಲ. ಸೂಪರ್ ರಾಡ್ ಎಂಬ ಗಾಳದ ಎಲೆ ಕೈಲಿದ್ದರೆ ಮೂರರ ತನಕ ಎತ್ತಿ ಕಟ್ಟಿನೊಳಗೆ ಮತ್ತೆ ಕಲಸಿಬಿಡಬಹುದು. ಭಯ ಇರುವುದು ಇನ್ನೊಂದು ಜಾಗದ ಮೇಲೆ. ಅದರ ಹೆಸರು ಲಾಸ್ಟ್ ಝೋನ್. ಅಲ್ಲಿಗೆ ಹೋದ ಎಲೆ ಆ ಆಟದಲ್ಲಿ ಮತ್ತೆ ಯಾರ ಕೈಗೂ ಬರುವುದಿಲ್ಲ. ಗಾಳ ಹಾಕಿದರೂ ಇಲ್ಲ, ಗೋಗರೆದರೂ ಇಲ್ಲ.

ನಮ್ಮಲ್ಲಿದ್ದ ಹಾಸುಹಾಳೆಯಲ್ಲಿ ಈ ಜಾಗವನ್ನು ಅಚ್ಚು ಹಾಕಿಲ್ಲ. ಹುಡುಗ ಹಾಳೆಯ ಹೊರಗೆ, ಬರೀ ಜಮಖಾನದ ಮೇಲೆ, ಅದಕ್ಕೊಂದು ಎಲ್ಲೆ ಗೊತ್ತು ಮಾಡಿಕೊಂಡ. ತೊಂದರೆ ಬಂದದ್ದು ಫ್ಯಾನಿನಿಂದ. ಮೇ ತಿಂಗಳ ಮಧ್ಯಾಹ್ನ ರಾಯಚೂರಿನಲ್ಲಿ ಫ್ಯಾನ್ ಆರಿಸು ಅನ್ನುವ ಧೈರ್ಯ ಯಾರಿಗಿದೆ? ಗಾಳಿಗೆ ಲಾಸ್ಟ್ ಝೋನಿನ ಎಲೆ ಹಾರಿ ಡಿಸ್ಕಾರ್ಡ್ ಗುಡ್ಡೆಯ ಮೇಲೆ ಬೋರಲು ಬಿತ್ತು. ಸತ್ತು ಮರಳಬಹುದಾದವು ಯಾವು, ಮರಳಲಾರದವು ಯಾವು ಅನ್ನುವುದೇ ತಿಳಿಯದೆ ದೊಡ್ಡ ವ್ಯಾಜ್ಯವಾಯಿತು. ಕೊನೆಗೆ ಅವ್ವನ ಅಡಕೊತ್ತು ತಂದು ಲಾಸ್ಟ್ ಝೋನಿನ ಮೇಲಿಟ್ಟೆವು. ಕಬ್ಬಿಣದ ಅಡಕೊತ್ತಿನ ಅಡಿಯಿಂದ ಏನೂ ಏಳುವುದಿಲ್ಲ ಅನ್ನುವುದು ಮಾತ್ರ ಯಾರಿಗೂ ವಿವರಿಸಬೇಕಾಗಲಿಲ್ಲ.

ನನಗೆ ಈ ಜಾಗ ಹಿಡಿಸಿದ್ದು ಅದರ ನಿಷ್ಠುರಕ್ಕಲ್ಲ, ಅಲ್ಲಿಗೆ ಎಲೆಗಳು ಹೋಗುವ ರೀತಿಗೆ. ಹೆಚ್ಚಿನವನ್ನು ಎದುರಾಳಿ ನೂಕುವುದಿಲ್ಲ, ಆಡುವವನೇ ಕೈಯಾರೆ ಕಳಿಸುತ್ತಾನೆ. ಕಾಮ್ಫಿ ಅಂತ ಹೂಮಾಲೆಯ ಆಕಾರದ ಪುಟ್ಟ ಪ್ರಾಣಿಯಿದೆ. ಅದು ಮುಂದೆ ನಿಂತಿದ್ದರೆ ಕಟ್ಟಿನ ಮೇಲಿನ ಎರಡು ಎಲೆ ತೆಗೆದು ನೋಡಬಹುದು. ಒಂದು ಕೈಗೆ, ಇನ್ನೊಂದು ಲಾಸ್ಟ್ ಝೋನಿಗೆ. ಎರಡೂ ಕೆಲಸಕ್ಕೆ ಬಾರದವಾಗಿದ್ದರೆ ಚಿಂತೆಯಿಲ್ಲ. ಎರಡೂ ಬೇಕಾದವು ಬಂದಾಗ ಈ ಹುಡುಗನ ಮುಖ ನೋಡಬೇಕು. ಎರಡನ್ನೂ ತುದಿಬೆರಳಲ್ಲಿ ಹಿಡಿದು, ನಾಲಿಗೆ ತುದಿ ಹೊರಗೆ ಚಾಚಿ, ಒಂದನ್ನು ಅಡಕೊತ್ತಿನ ತನಕ ಒಯ್ದು ಹಿಂದಕ್ಕೆ ತಂದು, ಇನ್ನೊಂದನ್ನು ಒಯ್ದು...

"ಮಾಮಾ, ಯಾವುದು ಬಿಡ್ಲಿ?"

"ನಿನ್ನ ಆಟ, ನೀನ ನೋಡ್ಕೊ."

ಅಲ್ಲಿ ಎಲೆ ಮುಖ ಮೇಲಾಗಿ ಬೀಳಬೇಕು. ನೀವು ಏನನ್ನು ಬಿಟ್ಟುಕೊಟ್ಟಿರಿ ಅನ್ನುವುದು ಎದುರಿನವನಿಗೂ ಕಾಣುತ್ತದೆ. ಗುಟ್ಟಾಗಿ ಕಳೆದುಕೊಳ್ಳುವ ಸೌಲಭ್ಯವೂ ಇಲ್ಲ.

ಹೀಗೆ ಕಳೆದದ್ದಕ್ಕೆಲ್ಲ ಲೆಕ್ಕವಿದೆ, ಮಜಾ ಇರುವುದೇ ಆ ಲೆಕ್ಕದಲ್ಲಿ. ನಾಲ್ಕು ಎಲೆ ಹೋದ ಮೇಲೆ ಕ್ರೇಮರಂಟ್ ಅನ್ನುವ ಹಕ್ಕಿ ಬಿಡಿಗಾಸು ಶಕ್ತಿ ತೆಗೆದುಕೊಳ್ಳದೆ ಪುಕ್ಕಟೆ ಹೊಡೆಯುತ್ತದೆ. ಏಳಾದರೆ ಮಿರಾಜ್ ಗೇಟ್ ಎಂಬ ಎಲೆ ತೆರೆದು ಶಕ್ತಿಯ ಎರಡು ಎಲೆಗಳನ್ನು ಕಟ್ಟಿನಿಂದಲೇ ಎಳೆದು ಹಚ್ಚಬಹುದು. ಹತ್ತಾಯಿತೋ, ಸೇಬಲ್‌ಐ ಎದುರಾಳಿಯ ಪ್ರಾಣಿಗಳ ಮೇಲೆ ಪೆಟ್ಟಿನ 12 ಬಿಲ್ಲೆಗಳನ್ನು ಬೇಕಾದ ಹಾಗೆ ಹಂಚಿಬಿಡುತ್ತದೆ. ಗಿರಾಟಿನಾ ವಿಸ್ಟಾರ್ ಅಂತೂ ಎದುರಿಗೆ ನಿಂತದ್ದನ್ನು, ಅದು ಎಷ್ಟೇ ಗಟ್ಟಿ ಇರಲಿ, ಒಂದೇ ಏಟಿಗೆ ಮಲಗಿಸುತ್ತದೆ. ಮೊದಲರ್ಧ ಆಟ ದಿವಾಳಿ ಎದ್ದವನಂತೆ ಕಾಣುತ್ತಿದ್ದ ಹುಡುಗ ಹತ್ತನೆಯ ಎಲೆ ಬೀಳುತ್ತಿದ್ದಂತೆ ಬೆನ್ನು ನೆಟ್ಟಗೆ ಮಾಡಿ ಕೂಡುತ್ತಾನೆ.

ಈ ಜಾತಿಯ ಬೇರೆ ಆಟಗಳಲ್ಲೂ ಇಂಥ ಮೂಲೆಗಳಿವೆ. 1993ರ ಮ್ಯಾಜಿಕ್ ಆಟದಲ್ಲಿ 'ಆಟದಿಂದ ತೆಗೆದದ್ದು' ಅಂತ ಇದ್ದ ಜಾಗಕ್ಕೆ 2009ರಲ್ಲಿ ಎಕ್ಸೈಲ್ ಅಂತ ಹೊಸ ಹೆಸರಿಟ್ಟರು. ಆದರೆ ಅಲ್ಲಿಗೆ ಕಳಿಸಿ ಮರುಕ್ಷಣವೇ ಕರೆಸಿಕೊಳ್ಳುವ ಎಲೆಗಳೂ ಅಲ್ಲಿ ಬೇಕಾದಷ್ಟಿವೆ. ಸಸ್ಪೆಂಡಾದ ನೌಕರ ಮೂರು ತಿಂಗಳಿಗೆ ಪಕ್ಕದ ತಾಲ್ಲೂಕಿನಲ್ಲಿ ಹಾಜರಾದ ಹಾಗೆ. ಲಾಸ್ಟ್ ಝೋನ್ ಆ ವಿಷಯದಲ್ಲಿ ಮಾತಿಗೆ ನಿಂತದ್ದು. ತಮಾಷೆ ಅಂದರೆ, ವಾಪಸ್ ಬಂದದ್ದು ಆ ಜಾಗವೇ. 2009ರ ಪ್ಲಾಟಿನಮ್ ಸರಣಿಯ ಇಂಗ್ಲಿಷ್ ಎಲೆಗಳಲ್ಲಿ ಕಾಣಿಸಿಕೊಂಡು, ಎರಡು ಮೂರು ವರ್ಷದಲ್ಲಿ ಮರೆಗೆ ಸರಿದು, 2018ರಲ್ಲಿ ಮರಳಿ, 2022ರಲ್ಲಿ ಲಾಸ್ಟ್ ಒರಿಜಿನ್ ಸರಣಿಯೊಂದಿಗೆ ಮತ್ತೊಮ್ಮೆ ಬಂತು. 2025ರ ಏಪ್ರಿಲ್‌ನಲ್ಲಿ, ಈಚಿನ ಸರಣಿಗಳ ಎಲೆಗಳನ್ನಷ್ಟೇ ಒಪ್ಪುವ ಸ್ಟ್ಯಾಂಡರ್ಡ್ ಪಂದ್ಯಗಳಿಂದ ಆ ಎಲೆಗಳನ್ನು ಮತ್ತೆ ಹೊರಗಿಟ್ಟರು. ನಮ್ಮ ಪಡಸಾಲೆಗೆ ಆ ಆದೇಶ ತಲುಪಿಲ್ಲ.

ನಮ್ಮ ಕಡೆಯ ಆಟಗಳು ಈ ವಿಷಯದಲ್ಲಿ ಮೆತ್ತಗಿನವು. ಅಂದರ್ ಬಾಹರಿನಲ್ಲಿ ಒಳಗೆ ಬಿದ್ದದ್ದೂ ಹೊರಗೆ ಬಿದ್ದದ್ದೂ ಒಟ್ಟಾಗಿ ಮುಂದಿನ ಆಟಕ್ಕೆ ಮರಳುತ್ತವೆ, ಮರಳದ್ದು ರೊಕ್ಕ ಒಂದೇ. ಚೌಕಾಬಾರದಲ್ಲಿ ಕಡಿಸಿಕೊಂಡ ಕಾಯಿ ತನ್ನ ಮನೆಯಿಂದ ಮತ್ತೆ ಹೊರಡುತ್ತದೆ, ಹಣ್ಣಾಗುವ ತನಕ ಎಷ್ಟು ಜನ್ಮ ಬೇಕಾದರೂ ಎತ್ತಬಹುದು. ಹುಲಿಕುರಿ ಒಂದು ಮಾತ್ರ ಕಟ್ಟುನಿಟ್ಟು. ಹುಲಿ ಜಿಗಿದು ಹಿಡಿದ ಕುರಿ ಮನೆಗಳ ಹೊರಗೆ ಹೋಯಿತೆಂದರೆ ಹೋಯಿತು. ಹಂಪಿಯ ಮಂಟಪಗಳ ಕಲ್ಲುಹಾಸಿನಲ್ಲಿ ಇಂಥ ಆಟದ ಮನೆಗಳನ್ನು ಕೊರೆದದ್ದು ಈಗಲೂ ಕಾಣುತ್ತದೆ. ಅಲ್ಲಿ ಕೂತು ಆಡಿದವರೂ ಹೊರಬಿದ್ದ ಕುರಿಗಳ ಗುಡ್ಡೆ ನೋಡಿ ನಿಟ್ಟುಸಿರು ಬಿಟ್ಟಿರಬೇಕು.

ಕರೆಂಟು ಹೋದ ಒಂದು ಸಂಜೆ ಅವ್ವ ಶಹಾಬಾದ್ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹುಲಿಕುರಿ ಹೂಡಿದಳು. ಹುಲಿಗೆ ಮೂರು ಗಜ್ಜುಗ, ಕುರಿಗೆ ಹದಿನೈದು ಹುಣಸೆ ಬೀಜ. ಮೊಮ್ಮಗನಿಗೆ ಕುರಿ ಕೊಟ್ಟಳು. ಅವನು ತನ್ನ ರೂಢಿಯಂತೆ ಬೀಜಗಳನ್ನು ಒಂದೊಂದಾಗಿ ಹುಲಿಯ ಬಾಯಿಗೆ ಕೊಡುತ್ತ, ಹೊರಗೆ ಬಿದ್ದವನ್ನು ಎಣಿಸುತ್ತ ಹೋದ. ನಾಲ್ಕಾದ ಮೇಲೆ ತಲೆ ಎತ್ತಿ ಕೇಳಿದ:

"ಈಗ ನನ್ನ ಕುರಿಗೆ ಏನು ಶಕ್ತಿ ಬರ್ತದ?"

"ಸತ್ತ ಕುರಿಯಿಂದ ಶಕ್ತಿ ಬರೋದು ತಿಂದವರಿಗೆ ಲೇ," ಅಂದಳು ಅವ್ವ, ಐದನೆಯದನ್ನು ಹಾರುತ್ತ.

ಮುಂದಿನ ಆಟಕ್ಕೆ ಅವನು ಕುರಿ ಒಲ್ಲೆ ಅಂದ.